ಅಸುರನನ್ನು ಎಲ್ಲಿ ಹುಡುಕಬೇಕು?

ಹರಿಹರೇಶ್ವರನ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ನಿಲುವು ಒಂದೇ, ಪೀಠ ಒಂದೇ, ಬೆಳಗುವ ಮಂಗಳಾರತಿಯೂ ಒಂದೇ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಆಚೆ ತುಂಗಭದ್ರೆಯ ದಡದ ಹರಿಹರದಲ್ಲಿರುವ ಈ ದೇಗುಲವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು 1224ರ ಸುಮಾರಿಗೆ. ಸೋಮನಾಥಪುರವನ್ನು ಕಟ್ಟಿಸಿದ ಸೋಮ ದಂಡನಾಯಕ 1268ರಲ್ಲಿ ಇದಕ್ಕೆ ಇನ್ನಷ್ಟು ಸೇರಿಸಿದ. ಎಂಟುನೂರು ವರ್ಷ ದಾಟಿದ ಗುಡಿ. ಕಡೆದು ನುಣುಪಾದ ಕಂಬಗಳನ್ನು, ಅಂಗಳದ ಹಳಗನ್ನಡ ಶಾಸನಗಳನ್ನು ನೋಡಲು ಬರುವವರು ಬಹಳ. ಆದರೆ ಆ ಮೂರ್ತಿ ಹಾಗೆ ಏಕೆ ನಿಂತಿದೆ ಎಂಬ ಕಥೆಯನ್ನು ಅರ್ಚಕರು ಎರಡು ಮಾತಿನಲ್ಲಿ ಹೇಳಿ ತೀರ್ಥ ಕೊಡುತ್ತಾರೆ, ನಾವೂ ಎರಡು ಮಾತಿನಲ್ಲಿ ಕೇಳಿ ಹೊರಬರುತ್ತೇವೆ. ಆ ಕಥೆಯ ಹತ್ತಿರ ಇನ್ನೂ ಸ್ವಲ್ಪ ಹೊತ್ತು ಕೂರಬೇಕು ಎಂಬುದು ನನ್ನ ಆಸೆ.

ಸ್ಥಳಪುರಾಣ ಹೇಳುವುದು ಇಷ್ಟು. ಗುಹನೆಂಬ ಅಸುರ ಬ್ರಹ್ಮನನ್ನು ಕುರಿತು ತಪಸ್ಸು ಮಾಡಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬರಬಾರದೆಂಬ ವರ ಪಡೆದ. ಈ ಸೀಮೆಯೆಲ್ಲ ಅವನ ಕೈಗೆ ಬಂತು. ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಗೋವಿನಹಾಳು, ಪಶ್ಚಿಮಕ್ಕೆ ಮುದನೂರು, ಉತ್ತರಕ್ಕೆ ಐರಣಿ ಅವನ ರಾಜ್ಯದ ಎಲ್ಲೆಗಳಂತೆ. ಅವನ ಹಾವಳಿ ತಾಳಲಾರದೆ ದೇವತೆಗಳು ಮೊರೆಯಿಟ್ಟಾಗ ಹರಿ ಮತ್ತು ಹರ ಒಂದೇ ಮೈಯಾಗಿ ಬಂದು ಅವನನ್ನು ಕೊಂದರು. ಪ್ರಾಣ ಬಿಡುವ ಹೊತ್ತಿನಲ್ಲಿ ಅಸುರ, ಈ ಜಾಗಕ್ಕೆ ತನ್ನ ಹೆಸರು ಉಳಿಯಲಿ ಎಂದು ಬೇಡಿಕೊಂಡ. ಹಾಗೆ ಇದು ಗುಹಾರಣ್ಯ ಕ್ಷೇತ್ರವಾಯಿತು.

ಅಸುರನ ಜಾಣತನ ಎಲ್ಲಿದೆ ನೋಡಿ. ಸಾವೇ ಬೇಡ ಎಂದು ಅವನು ಕೇಳಲಿಲ್ಲ. ದೇವರು ಇಬ್ಬರು ಎಂದು ಎಣಿಸಿ, ಇಬ್ಬರಿಗೂ ಬಾಗಿಲು ಹಾಕಿಕೊಂಡ. ಅವರು ಬೇರೆ ಬೇರೆಯಾಗಿ ಇರುವಷ್ಟು ಕಾಲ ಅವನು ಬದುಕುತ್ತಾನೆ. ಅವನ ಆಯುಷ್ಯವೆಲ್ಲ ನಿಂತಿರುವುದು ಆ ಎಣಿಕೆಯ ಮೇಲೆ.

ಸಾಧನೆಯಲ್ಲಿ ತೊಡಗಿದ ಯಾರಿಗಾದರೂ ಈ ವರದ ಪರಿಚಯ ಇರುತ್ತದೆ. ಹರನ ದಾರಿ ಬಿಡುವುದು: ಉಣ್ಣುವುದನ್ನು, ಮಾತನ್ನು, ನಂಟನ್ನು, ಕೊನೆಗೆ ನಾನೆಂಬುದನ್ನು ಕಳಚುವುದು. ಹರಿಯ ದಾರಿ ಪೊರೆಯುವುದು: ಮನೆ, ಮಕ್ಕಳು, ಹೊಲ, ಹಸಿದು ಬಂದವನಿಗೆ ಅನ್ನ, ಊರಿಗೊಂದು ಕೆರೆ. ಬರೀ ಬಿಡುವುದನ್ನೇ ಹಿಡಿದವನಲ್ಲಿ ಒಳಗಿನ ಅಸುರ ಬೇರೆ ವೇಷದಲ್ಲಿ ಎದ್ದು ನಿಲ್ಲುತ್ತಾನೆ. ನಾನು ಎಷ್ಟೆಲ್ಲ ಬಿಟ್ಟೆ ಎಂದು ಲೆಕ್ಕ ಇಡುತ್ತಾನೆ, ಬಿಡದವರನ್ನು ಕೀಳಾಗಿ ನೋಡುತ್ತಾನೆ. ಬರೀ ಪೊರೆಯುವುದರಲ್ಲೇ ಮುಳುಗಿದವನಲ್ಲಿ ಅದೇ ಅಸುರ ನನ್ನದು, ನನ್ನವರು ಎಂದು ಬೆಳೆಯುತ್ತಾನೆ. ಒಂದು ದಾರಿಯಲ್ಲಿ ಬೆನ್ನಟ್ಟಿದರೆ ಇನ್ನೊಂದರಲ್ಲಿ ತಪ್ಪಿಸಿಕೊಳ್ಳುತ್ತಾನೆ. ಮಗುವನ್ನು ಮೈತುಂಬ ಪ್ರೀತಿಸುತ್ತಲೇ ಅದು ತನ್ನ ಆಸ್ತಿಯಲ್ಲ ಎಂದು ತಿಳಿದ ತಾಯಿ, ದುಡಿದು ಗಳಿಸಿದ್ದನ್ನು ಗಳಿಸಿದ ಹೊತ್ತಿಗೇ ಹಂಚಿಬಿಡುವ ವ್ಯಾಪಾರಿ, ಇವರಲ್ಲಿ ಬಿಡುವುದೂ ಪೊರೆಯುವುದೂ ಒಂದೇ ಮೈಯಾಗಿರುತ್ತವೆ. ಹರಿಹರೇಶ್ವರನ ಮೂರ್ತಿ ಕೇಳುವುದು ಅಂಥ ಬದುಕನ್ನು ಎಂದು ನಾನು ನಂಬುತ್ತೇನೆ.

ಇದು ಹರಿಹರಕ್ಕಷ್ಟೇ ಸೇರಿದ ಕಲ್ಪನೆಯಲ್ಲ. ಬಾದಾಮಿಯ ಮೊದಲ ಗುಹೆಯಲ್ಲಿ, ಆರನೆಯ ಶತಮಾನದಲ್ಲಿ ಚಾಲುಕ್ಯರ ಶಿಲ್ಪಿಗಳು ಹರಿಹರನನ್ನೂ ಅರ್ಧನಾರೀಶ್ವರನನ್ನೂ ಒಂದೇ ಮೊಗಸಾಲೆಯಲ್ಲಿ ಕಡೆದಿಟ್ಟಿದ್ದಾರೆ. ಒಂದರಲ್ಲಿ ಶಿವನ ಎಡಕ್ಕೆ ಪಾರ್ವತಿ, ಇನ್ನೊಂದರಲ್ಲಿ ಅದೇ ಎಡಕ್ಕೆ ವಿಷ್ಣು. ಇರಲಿ, ಬಾದಾಮಿಯದು ದೊಡ್ಡ ಕಥೆ. ಪೊಲಾಳ್ವನ ಕಾಲವನ್ನು ಮಾತ್ರ ನೆನೆಯಬೇಕು. ಅದಕ್ಕೆ ಕೆಲವೇ ದಶಕಗಳ ಹಿಂದೆ, ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ ತನ್ನ ತಲೆಯನ್ನೇ ಅರಿದು ಶಿವನಿಗೆ ಒಪ್ಪಿಸಿದ ಎಂದು ಅಲ್ಲಿಯ ಶಾಸನ ಹೇಳುತ್ತದೆ. ಯಾರ ದೇವರು ದೊಡ್ಡವನು ಎಂಬುದು ತಲೆ ಹೋಗುವ ಪ್ರಶ್ನೆಯಾಗಿದ್ದ ನಾಡು ಇದು. ಆ ನಾಡಿನಲ್ಲಿ ಒಬ್ಬ ಸೇನಾಪತಿ, ಯುದ್ಧವೇ ಕಸುಬಾದವನು, ಎರಡು ದೇವರನ್ನು ಒಂದು ಕಲ್ಲಿನಲ್ಲಿ ನಿಲ್ಲಿಸುವ ಗುಡಿಗೆ ಹಣ ಸುರಿದ. ಮತಗಳ ಜಗಳಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಆ ಶತಮಾನದಲ್ಲಿ ನನಗೆ ಕಾಣುವುದಿಲ್ಲ.

ಹೊಳೆಯನ್ನೂ ಮರೆಯಬಾರದು. ಹರಿಹರದ ಪಕ್ಕದಲ್ಲಿ ಹರಿಯುವ ತುಂಗಭದ್ರೆಯೇ ಕೂಡಲಿಯಲ್ಲಿ ತುಂಗೆ, ಭದ್ರೆ ಎರಡೂ ಬೆರೆತು ಆದವಳು. ಸೂಳೆಕೆರೆಯಿಂದ ಹೊರಟ ಹರಿದ್ರಾ ಇಲ್ಲಿ ಅವಳನ್ನು ಸೇರುತ್ತದೆ. ಕೂಡಿದ ನೀರಿನ ದಡದಲ್ಲಿ ಕೂಡಿದ ದೇವರನ್ನು ನಿಲ್ಲಿಸಬೇಕೆಂದು ಯಾರಿಗೆ ತೋಚಿತೋ, ಅವರಿಗೆ ಸಂಕೇತಗಳು ಪುಸ್ತಕದಿಂದ ಬಂದಿರಲಾರವು.

ಹಾಗೆಂದು ದೇವರ ಕಥೆಗೆಲ್ಲ ಹೀಗೆ ಒಳಾರ್ಥ ಹೇಳುವುದು ಸುಲಭದ ಕೆಲಸವೂ ಆಗಿಬಿಟ್ಟಿದೆ. ಗಣಪತಿಯ ಕಿವಿ ದೊಡ್ಡದು, ಹೆಚ್ಚು ಕೇಳಿಸಿಕೊಳ್ಳಬೇಕೆಂದು. ಬಾಯಿ ಚಿಕ್ಕದು, ಕಡಿಮೆ ಮಾತಾಡಬೇಕೆಂದು. ಇಲಿ ಎಂದರೆ ಆಸೆ, ಹಾವು ಎಂದರೆ ಕುಂಡಲಿನಿ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಬರುತ್ತವೆ. ಒಂದು ವಸ್ತುವಿಗೆ ಒಂದು ಅರ್ಥವೆಂದು ಪಟ್ಟಿ ಮಾಡಿಟ್ಟರೆ ಕೇಳಿದವನು ಹೌದಲ್ಲ ಎಂದು ತಲೆದೂಗಿ ಮುಂದೆ ಹೋಗುತ್ತಾನೆ. ಅವನಲ್ಲಿ ಏನೂ ಕದಲುವುದಿಲ್ಲ. ಕಥೆ ನಮ್ಮಿಂದ ಏನನ್ನಾದರೂ ಕೇಳಿದಾಗ ಮಾತ್ರ ಅದು ಸಾಧನೆಗೆ ಒದಗುತ್ತದೆ. ಅದು ಕೇಳುವುದು ನಮ್ಮಿಂದಲೋ, ಬೇರೊಬ್ಬರಿಂದಲೋ ಎಂಬುದನ್ನೂ ನೋಡಬೇಕು. ಈ ಎರಡನೆಯ ಪರೀಕ್ಷೆಗೆ ದಾವಣಗೆರೆಗಿಂತ ತಕ್ಕ ಊರು ಇಲ್ಲ.

ಊರದೇವತೆ ದುರ್ಗಾಂಬಿಕೆ. ಊರಿನವರ ಬಾಯಲ್ಲಿ ದುಗ್ಗಮ್ಮ. ಎರಡು ವರ್ಷಕ್ಕೊಮ್ಮೆ ಜಾತ್ರೆ. ದೂರದೂರಿನ ನೆಂಟರೆಲ್ಲ ಬಂದು ಮನೆ ತುಂಬುವ, ಬೀದಿ ಬೀದಿಗೆ ದೀಪ ಹಾಕುವ ಜಾತ್ರೆ. ಅದರ ಜೊತೆಗೇ ಪ್ರತಿ ಸಲವೂ ಕೋಣ ಬಲಿಯ ಮಾತು ಏಳುತ್ತದೆ. ಪ್ರಾಣಿಬಲಿ ನಿಷೇಧವಿದೆ ಎಂದು ಜಿಲ್ಲಾಡಳಿತ ಪ್ರಕಟಣೆ ಹೊರಡಿಸುತ್ತದೆ, ಪೊಲೀಸರ ಕಾವಲು ಬೀಳುತ್ತದೆ. ಕರ್ನಾಟಕ ಪ್ರಾಣಿಬಲಿ ತಡೆ ಕಾಯ್ದೆ 1959ರದು, 1975ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ. ಕಾಯ್ದೆಯ ಬಲದಿಂದ ಕತ್ತಿಯನ್ನು ತಡೆಯಬಹುದು. ಹರಕೆ ಹೊತ್ತವನ ಮನಸ್ಸಿಗೆ ಉತ್ತರ ಹೇಳಬೇಕಾದದ್ದು, ಕೋಣನ ರೂಪದ ಮಹಿಷಾಸುರನನ್ನು ದೇವಿ ಕೊಂದ ಕಥೆಯೇ.

ದೇವೀಮಾಹಾತ್ಮ್ಯದಲ್ಲಿ ಮಹಿಷನ ಕಥೆ ಬರುವುದಕ್ಕೆ ಮೊದಲೇ ಇಬ್ಬರು ಮನುಷ್ಯರು ಬರುತ್ತಾರೆ. ಅವರನ್ನು ನಾವು ಮರೆತೇಬಿಟ್ಟಿದ್ದೇವೆ. ಒಬ್ಬ ಸುರಥ, ರಾಜ್ಯ ಕಳೆದುಕೊಂಡ ದೊರೆ. ಇನ್ನೊಬ್ಬ ಸಮಾಧಿ, ಹಣದಾಸೆಗೆ ಬಿದ್ದ ಹೆಂಡತಿ ಮಕ್ಕಳೇ ಮನೆಯಿಂದ ಹೊರಗಟ್ಟಿದ ವ್ಯಾಪಾರಿ. ಕಾಡಿನಲ್ಲಿ ಸುಮೇಧ ಮುನಿಯ ಮುಂದೆ ಇಬ್ಬರದೂ ಒಂದೇ ಪ್ರಶ್ನೆ: ಎಲ್ಲ ಹೋದರೂ ಮನಸ್ಸು ಮತ್ತೆ ಮತ್ತೆ ಅದರ ಹಿಂದೆಯೇ ಏಕೆ ಓಡುತ್ತದೆ? ಆ ಪ್ರಶ್ನೆಗೆ ಉತ್ತರವಾಗಿ ಮುನಿ ದೇವಿಯ ಯುದ್ಧಗಳನ್ನು ಹೇಳುತ್ತಾನೆ. ಕೇಳಿದ ಮೇಲೆ ಇಬ್ಬರೂ ಹೊಳೆಯ ದಡದಲ್ಲಿ ಮೂರು ವರ್ಷ ಸಾಧನೆ ಮಾಡುತ್ತಾರೆ. ಕೊನೆಗೆ ದೊರೆ ರಾಜ್ಯ ಬೇಡುತ್ತಾನೆ, ವ್ಯಾಪಾರಿ ಜ್ಞಾನ ಬೇಡುತ್ತಾನೆ. ಮಹಿಷನ ಕಥೆಗೆ ಮನಸ್ಸಿನ ಅರ್ಥ ಹಚ್ಚುವುದು ಈಗಿನವರ ಚಾಳಿ ಎಂದು ಮುಖ ತಿರುಗಿಸುವವರು ಇದನ್ನು ಗಮನಿಸಬೇಕು. ಪುರಾಣವೇ ತನ್ನ ಯುದ್ಧವನ್ನು ನೊಂದ ಇಬ್ಬರ ಮನಸ್ಸಿಗೆ ಔಷಧವಾಗಿ ಕೊಟ್ಟಿದೆ. ಹತ್ತಿ ಗಿರಣಿ, ದಲ್ಲಾಳಿ ಅಂಗಡಿಗಳಿಂದ ಬೆಳೆದ ದಾವಣಗೆರೆಗೆ ಆ ವ್ಯಾಪಾರಿಯ ಕಥೆ ತನ್ನದೇ ಅನ್ನಿಸಬೇಕು.

ಯುದ್ಧವನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ಮೂರನೆಯ ಅಧ್ಯಾಯದಲ್ಲಿ ದೇವಿ ಪಾಶ ಬೀಸಿದಾಗ ಮಹಿಷ ಕೋಣನ ಮೈ ಬಿಟ್ಟು ಸಿಂಹವಾಗುತ್ತಾನೆ. ಸಿಂಹದ ತಲೆ ಕಡಿದರೆ ಕತ್ತಿ ಹಿಡಿದ ಮನುಷ್ಯ. ಅವನನ್ನು ಬಾಣದಿಂದ ಹೊಡೆದರೆ ಆನೆ. ಸೊಂಡಿಲು ಕಡಿದರೆ ಮತ್ತೆ ಕೋಣ. ಬೆಳಗಿನ ಜಾವ ಎದ್ದು ಜಪಕ್ಕೋ ಧ್ಯಾನಕ್ಕೋ ಕೂತವರಿಗೆ ಈ ಸರದಿ ಗೊತ್ತು. ಮೊದಲು ಮೈಯ ಜಡತೆ. ಅದನ್ನು ಕಟ್ಟಿದರೆ ಮನೆಯವರ ಸದ್ದಿನ ಮೇಲೆ ಸಿಟ್ಟು. ಸಿಟ್ಟನ್ನು ನುಂಗಿದರೆ ವಾದ: ಇದೆಲ್ಲ ಬೇಕೇ, ಇದರಿಂದ ಏನು ಬಂತು ಎಂದು ಒಳಗೊಬ್ಬ ಕತ್ತಿ ಝಳಪಿಸುತ್ತಾನೆ. ಅವನನ್ನೂ ಸುಮ್ಮನಾಗಿಸಿದರೆ ನಾನು ದಿನಾ ಕೂರುತ್ತೇನೆ ಎಂಬ ಆನೆಯಂಥ ಹಮ್ಮು. ಆ ಹಮ್ಮಿನಲ್ಲಿ ನಾಲ್ಕು ದಿನ ಕಳೆದರೆ ಮತ್ತೆ ಹಾಸಿಗೆ, ಮತ್ತೆ ಜಡತೆ. ಒಂದೇ ಶತ್ರು ವೇಷ ಬದಲಿಸುತ್ತಿದ್ದಾನೆ ಎಂದು ಗುರುತಿಸದಿದ್ದರೆ ನಾಲ್ಕೂ ಬೇರೆ ಬೇರೆ ಎಂದುಕೊಂಡು ಸೋತುಹೋಗುತ್ತೇವೆ. ದೇವಿ ಅವನನ್ನು ಕೊಲ್ಲುವುದೂ ಅವನು ಕೋಣನ ಬಾಯಿಂದ ಅರ್ಧ ಹೊರಗೆ ಬಂದ ಹೊತ್ತಿನಲ್ಲಿ, ಒಂದು ರೂಪ ಬಿಟ್ಟು ಇನ್ನೊಂದು ರೂಪ ಪೂರ್ತಿ ಹಿಡಿಯುವ ಮೊದಲು. ಸಾಧಕನಿಗೆ ಇದಕ್ಕಿಂತ ನಿಖರವಾದ ಸೂಚನೆ ಬೇಕಿಲ್ಲ.

ಹೀಗೆ ಓದಿದವನ ಕಣ್ಣಿಗೆ ಜಾತ್ರೆಯ ಕೋಣ ನಿರಪರಾಧಿ. ತನ್ನ ಜಡತೆ, ತನ್ನ ಸಿಟ್ಟು, ತನ್ನ ಹಮ್ಮನ್ನು ಒಂದು ಮೂಕ ಪ್ರಾಣಿಯ ಕೊರಳಿಗೆ ಕಟ್ಟಿ ಕಡಿಸಿದರೆ ಅವು ಸಾಯುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವನ ಮನೆಯಲ್ಲೇ ಏಳುತ್ತವೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಕೋಣ ಎಂದರೆ ತಮಸ್ಸು ಎಂದು ಹೇಳಿ ಕೈ ತೊಳೆದುಕೊಳ್ಳುವ ಪ್ರವಚನ ಇನ್ನೊಂದು ಕಥೆಯನ್ನು ಮುಚ್ಚಿಹಾಕುತ್ತದೆ. ನಾಡಿನ ಹಲವು ಕಡೆ ಮಾರಿಹಬ್ಬದ ಹಿಂದೆ ಹೇಳುವ ಕಥೆ ಅದು: ತಾನು ಅಸ್ಪೃಶ್ಯನೆಂಬುದನ್ನು ಮುಚ್ಚಿಟ್ಟು ಬ್ರಾಹ್ಮಣ ಹುಡುಗಿಯನ್ನು ಮದುವೆಯಾದ ಗಂಡು, ಗುಟ್ಟು ಬಯಲಾದಾಗ ಉರಿದೆದ್ದ ಹೆಂಡತಿ, ಕೋಣನಾಗಿ ಸತ್ತ ಗಂಡ. ಅಲ್ಲಿ ಕೋಣ ಯಾರ ಗುಣವೂ ಅಲ್ಲ, ಒಂದು ಕೇರಿಯ ಮನುಷ್ಯ. ಆ ಬಲಿಯ ಸುತ್ತಲಿನ ಹೀನ ಚಾಕರಿಗಳನ್ನು ತಲೆಮಾರುಗಳ ಕಾಲ ಅದೇ ಕೇರಿಯವರಿಂದ ಮಾಡಿಸಿದರು. ಈ ಕಥೆಯನ್ನು ಕೇಳಿಸಿಕೊಳ್ಳದೆ ಮೇಲಿಂದ ತಮಸ್ಸಿನ ಅರ್ಥ ಹೊದಿಸಿದರೆ ಅದು ಸಾಧನೆಯೂ ಅಲ್ಲ, ಸತ್ಯವೂ ಅಲ್ಲ. ದೇವಿಯ ಮುಂದೆ ಕಡಿಯಬೇಕಾದ ಅಸುರನನ್ನು ನನ್ನೊಳಗೆ ಹುಡುಕಲು ಹೊರಟರೆ, ಜಾತಿಯ ಹೇಸಿಗೆ ಅವನ ಮೊದಲ ರೂಪವಾಗಿ ಸಿಕ್ಕಬೇಕು.

ಗುಹಾಸುರನ ಪೂರ್ವದ ಗಡಿ ಉಚ್ಚಂಗಿದುರ್ಗ. ಮೊದಲು ದಾವಣಗೆರೆ ಜಿಲ್ಲೆಯಲ್ಲೇ ಇದ್ದ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿ ತಾಲ್ಲೂಕಿನ ಗುಡ್ಡ ಅದು. ಅಲ್ಲಿ ಉಚ್ಚಂಗೆಮ್ಮ ಇದ್ದಾಳೆ, ಭಕ್ತರಿಗೆ ಎಲ್ಲಮ್ಮ. ಎಲ್ಲಮ್ಮನೆಂದರೆ ರೇಣುಕೆ. ದಿನಾ ಹೊಳೆಯ ಮರಳಿನಿಂದ ಕೊಡ ಕಟ್ಟಿ, ಹಾವನ್ನು ಸಿಂಬಿ ಮಾಡಿಕೊಂಡು ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದವಳು. ಒಂದು ದಿನ ಗಂಧರ್ವರ ಜಲಕ್ರೀಡೆ ಕಂಡು ಮನಸ್ಸು ಒಂದು ಕ್ಷಣ ಅತ್ತ ಹೋಯಿತು, ಮರಳು ಮರಳಾಗಿಯೇ ಉಳಿಯಿತು. ಏಕಾಗ್ರತೆಯ ಬಗ್ಗೆ ಇಷ್ಟು ಚೆಲುವಾದ ಕಥೆ ಇನ್ನೊಂದಿಲ್ಲ. ಹಿಡಿದಿಟ್ಟದ್ದು ಮಣ್ಣಲ್ಲ, ಗಮನ. ಗಮನ ಸಡಿಲಿದರೆ ನೀರು ನಿಲ್ಲುವುದಿಲ್ಲ. ಆದರೆ ಶತಮಾನಗಳ ಕಾಲ ಗಂಡಸರು ಈ ಕಥೆಯನ್ನು ಹೆಂಗಸಿನ ಶೀಲಕ್ಕೆ ಕಾವಲಾಗಿ ಓದಿದರು. ಜಮದಗ್ನಿಯ ಸಿಟ್ಟನ್ನು ಯಾರೂ ಪ್ರಶ್ನಿಸಲಿಲ್ಲ, ರೇಣುಕೆಯ ತಲೆ ಉರುಳಿತು. ಅದೇ ಎಲ್ಲಮ್ಮನ ಹೆಸರಿನಲ್ಲಿ, ಉಚ್ಚಂಗಿ ಗುಡ್ಡವೂ ಸೇರಿ ಹಲವು ಕ್ಷೇತ್ರಗಳಲ್ಲಿ, ಬಡವರ, ಅದರಲ್ಲೂ ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕಕ್ಕೆ ಬಂದದ್ದು 1982ರಲ್ಲಿ.

ಮರಳಿನ ಕೊಡವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡವನಿಗೆ ಅದು ಧ್ಯಾನ. ಅದೇ ಕೊಡವನ್ನು ಹೆಂಡತಿಯ, ಮಗಳ, ಕೇರಿಯ ಬಡ ಹುಡುಗಿಯ ತಲೆಯ ಮೇಲಿಟ್ಟು ತಾನು ಜಮದಗ್ನಿಯಾಗಿ ಕೂತರೆ ಅದು ಕ್ರೌರ್ಯ. ಕಥೆ ಒಂದೇ. ಅದರ ಭಾರ ಯಾರ ಮೇಲೆ ಬಿತ್ತು ಎಂಬುದರ ಮೇಲೆ ನಾನು ಯಾವ ವ್ಯಾಖ್ಯಾನವನ್ನಾದರೂ ಅಳೆಯುತ್ತೇನೆ.

ಹರಿಹರದಲ್ಲಿ ಹೊಳೆ ದಾಟಿದರೆ ಹಾವೇರಿ ಜಿಲ್ಲೆ, ಸ್ವಲ್ಪ ಮುಂದೆ ರಾಣೆಬೆನ್ನೂರು. ಹೋಳಿಯಲ್ಲಿ ಅಲ್ಲಿ ಗೊಂಬೆಗಳ ಬದಲು ಜೀವಂತ ಮನುಷ್ಯರೇ ರತಿ ಮನ್ಮಥರಾಗಿ ಕೂರುತ್ತಾರೆ. ಸುತ್ತ ನೆರೆದ ಜನ ಅವರನ್ನು ನಗಿಸಬೇಕು, ನಗಿಸಿದವರಿಗೆ ಬಹುಮಾನ. ಮಾತು, ಹಾಡು, ಅಣಕ, ಕುಣಿತ ಎಲ್ಲ ಮುಗಿದರೂ ಅವರು ತುಟಿ ಅಲುಗಿಸದೆ ಕೂತಿರುತ್ತಾರೆ. ಪುರಾಣದಲ್ಲಿ ಕದಲದೆ ಕೂತವನು ಶಿವ, ಕದಲಿಸಲು ಬಂದವನು ಕಾಮ. ಇಲ್ಲಿ ಕಾಮನೇ ಕದಲದೆ ಕೂತಿದ್ದಾನೆ, ಕದಲಿಸುವ ಕೆಲಸ ನಮ್ಮದಾಗಿದೆ. ಬಯಕೆ ತಾನಾಗಿ ನಮ್ಮನ್ನು ಎಳೆಯುತ್ತದೆ ಎನ್ನುತ್ತೇವಲ್ಲ, ಅದನ್ನು ಕೆಣಕಿ ಎಬ್ಬಿಸುವವರು ಎಷ್ಟೋ ಸಲ ನಾವೇ ಎಂದು ಆ ಆಟ ನನಗೆ ತೋರಿಸುತ್ತದೆ. ಯಾವ ಶಾಸ್ತ್ರಿಯೂ ಹೇಳಿಕೊಡದೆ ಜನ ತಾವೇ ಕಟ್ಟಿದ ವ್ಯಾಖ್ಯಾನ ಅದು, ಯಾರ ಮೈಮೇಲೂ ನೋವು ಬೀಳದ ವ್ಯಾಖ್ಯಾನ.

ದಾವಣಗೆರೆ ಶರಣ ಪರಂಪರೆಯ ಊರು ಕೂಡ. ಹರ್ಡೇಕರ ಮಂಜಪ್ಪನವರು 1906ರಲ್ಲಿ ಧನುರ್ಧಾರಿ ಪತ್ರಿಕೆ ಆರಂಭಿಸಿದ್ದು ಇಲ್ಲಿ. 1913ರಲ್ಲಿ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೊಡನೆ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬವಾಗಿ ಆಚರಿಸಿದ್ದೂ ಇಲ್ಲೇ. ಶ್ರಾವಣ ಬಂದರೆ ಊರಿನ ಮಠಗಳಲ್ಲಿ ಪ್ರವಚನ ಇಂದಿಗೂ ನಡೆಯುತ್ತದೆ. ಈ ಪರಂಪರೆಯಲ್ಲಿ ಬೆಳೆದವರು ಕೇಳುವುದುಂಟು: ಶರಣರು ಪುರಾಣದ ದೇವರುಗಳನ್ನೇ ಬದಿಗಿಟ್ಟರಲ್ಲ, ನಮಗೆ ಈ ಕಥೆಗಳೇಕೆ? ನ್ಯಾಯವಾದ ಪ್ರಶ್ನೆ. ಶರಣರು ಗುಡಿಯ ದೇವರನ್ನು ಅಂಗೈಗೆ ತಂದರು. ಸ್ಥೂಲ ಶರೀರಕ್ಕೆ ಇಷ್ಟಲಿಂಗ, ಸೂಕ್ಷ್ಮಕ್ಕೆ ಪ್ರಾಣಲಿಂಗ, ಕಾರಣಕ್ಕೆ ಭಾವಲಿಂಗ ಎಂದು ಸಾಧನೆಯ ಮೂರು ಮೆಟ್ಟಿಲು ಕಟ್ಟಿದರು. ಸಂಕೇತವನ್ನು ಪೂರ್ತಿಯಾಗಿ ಸಾಧಕನ ಕೈಗೇ ಕೊಟ್ಟ ಕ್ರಾಂತಿ ಅದು. ಅಲ್ಲಿ ಭಾರವನ್ನು ಬೇರೆಯವರ ಮೇಲೆ ಹೊರಿಸಲು ಜಾಗವೇ ಇಲ್ಲ.

ಆದರೂ ಕಥೆ ಅವರ ಹಿಂದೆ ಬಂತು. ಹದಿನೈದನೆಯ ಶತಮಾನದಲ್ಲಿ ಚಾಮರಸ ಪ್ರಭುಲಿಂಗಲೀಲೆ ಬರೆದಾಗ ಅಲ್ಲಮನ ಬದುಕನ್ನೇ ಸಂಕೇತವಾಗಿ ಕಟ್ಟಿದ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಬನವಾಸಿಯಲ್ಲಿ ಅವನಿಗೆ ಎದುರಾಗುವ ಮಾಯೆಯ ತಂದೆ ಮಮಕಾರ, ತಾಯಿ ಮೋಹಿನಿ. ಇಷ್ಟು ಬಿಚ್ಚಿ ಹೇಳಿದ ಮೇಲೆ ಓದುಗನಿಗೆ ಹುಡುಕಲು ಏನೂ ಉಳಿಯಲಿಲ್ಲ ಎನ್ನಿಸಬಹುದು. ಆದರೆ ಚಾಮರಸನ ದೊಡ್ಡತನ ಬೇರೆ ಕಡೆ ಇದೆ. ಅಲ್ಲಮನನ್ನು ಸೋಲಿಸಲು ಪಾರ್ವತಿ ಕಳಿಸುವ ತಾಮಸ ಕಳೆ ಮಾಯೆಯಾಗಿ ಹುಟ್ಟುತ್ತದೆ. ಅವಳು ಸೋತ ಮೇಲೆ ಅದೇ ಪಾರ್ವತಿಯ ಸಾತ್ವಿಕ ಕಳೆ ಅಕ್ಕಮಹಾದೇವಿಯಾಗಿ ಬರುತ್ತದೆ. ಸೆಳೆಯುವವಳೂ ಬಿಡಿಸುವವಳೂ ಒಂದೇ ತಾಯಿಯಿಂದ ಬಂದವರು. ಹೆಣ್ಣನ್ನೇ ಮಾಯೆ ಎಂದು ಬೈದು ಮುಗಿಸುವ ವೈರಾಗ್ಯಕ್ಕೆ ಚಾಮರಸ ಅಲ್ಲಿ ತಡೆ ಹಾಕಿದ್ದಾನೆ. ಹರಿಹರದ ಮೂರ್ತಿ ಕಲ್ಲಿನಲ್ಲಿ ಹೇಳಿದ್ದನ್ನು ಅವನು ಷಟ್ಪದಿಯಲ್ಲಿ ಹೇಳಿದ್ದಾನೆ ಎಂದು ನನಗೆ ಅನ್ನಿಸುತ್ತದೆ.

ಗುಹಾಸುರನ ಕೊನೆಯ ಬೇಡಿಕೆಗೆ ಒಮ್ಮೆ ಬರಬೇಕು. ಅವನ ಹೆಸರನ್ನು ಅಳಿಸಿಹಾಕಬಹುದಿತ್ತು. ಹರಿಹರರು ಅಳಿಸಲಿಲ್ಲ; ಕ್ಷೇತ್ರಕ್ಕೆ ಅವನ ಹೆಸರನ್ನೇ ಉಳಿಸಿದರು. ನಮ್ಮ ಪುರಾಣಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ಮಹಿಷನ ಹೆಸರಿನಲ್ಲೇ ಮೈಸೂರಿದೆ. ಗೆದ್ದ ಮೇಲೂ ಸೋತವನನ್ನು ಮರೆಯಬಾರದೆಂಬ ಈ ಎಚ್ಚರ ಸಾಧಕನಿಗೆ ಬಹಳ ಬೇಕಾದದ್ದು. ಸಿಟ್ಟು ಹೋಯಿತು, ಆಸೆ ಹೋಯಿತು ಎಂದು ಹೇಳಿಕೊಳ್ಳುವವರ ಮಾತಿಗಿಂತ, ಅದು ನನ್ನಲ್ಲಿ ಇತ್ತು, ಅದರ ಜಾಗ ಇದು ಎಂದು ತೋರಿಸುವವರ ಮಾತನ್ನು ನಂಬಬಹುದು.

ಬರುವ ಶ್ರಾವಣದಲ್ಲಿ ಪ್ರವಚನ ಹೇಳುವವರಲ್ಲಿ ಒಂದು ವಿನಂತಿ. ಗುಹಾಸುರನ ಕಥೆಯನ್ನು ಒಂದು ಸಂಜೆ ಪೂರ್ತಿಯಾಗಿ ಹೇಳಿ. ರೇಣುಕೆಯ ಕಥೆ ಹೇಳುವ ದಿನ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಹೆಸರೆತ್ತಿ. ಮಹಿಷನ ಕಥೆಯ ದಿನ ಸುರಥನನ್ನೂ ಸಮಾಧಿಯನ್ನೂ ಬಿಡಬೇಡಿ. ದುಗ್ಗಮ್ಮನಿಗೆ ಹರಕೆ ಹೊರುವವರಲ್ಲಿಯೂ ಕೇಳಿಕೊಳ್ಳುತ್ತೇನೆ: ಮುಂದಿನ ಜಾತ್ರೆಗೆ ಇನ್ನೊಂದು ಜೀವವನ್ನು ಹರಕೆಗೆ ಕಟ್ಟಬೇಡಿ. ಬಿಡಬೇಕಾದ ನಿಮ್ಮದೇ ಒಂದು ಚಟವನ್ನೋ, ಮುರಿದುಕೊಂಡ ಅಣ್ಣತಮ್ಮಂದಿರ ಮನೆಯ ಹೊಸ್ತಿಲು ತುಳಿಯುವ ಸಂಕಲ್ಪವನ್ನೋ ಹರಕೆಯಾಗಿ ಹೊರಿ. ಅದನ್ನು ತೀರಿಸಲು ಎರಡು ವರ್ಷ ಸಮಯವಿರುತ್ತದೆ.